ಕೇತರಸನ ಹನ್ನೊಂದು ವರ್ಷ

ಕಳೆದ ಜುಲೈನಲ್ಲಿ ಪೂರಕ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಲು ಧಾರವಾಡಕ್ಕೆ ಹೋಗಿದ್ದೆ. ಗದಗಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ನನಗೆ ಈ ಕೆಲಸ ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಮೊದಲ ದಿನವೇ ಯಾವುದೋ ಕಾಗದದ ಪ್ರತಿ ಬೇಕೆಂದರು. ಕೊಡೆ ಬಿಚ್ಚಿಕೊಂಡು ಸಪ್ತಾಪುರದ ಒಂದು ಝೆರಾಕ್ಸ್ ಅಂಗಡಿಗೆ ಹೋದೆ. ಒಳಗೆ ಕಾಲಿಟ್ಟೊಡನೆ ಮೂಗಿಗೆ ಬಡಿದದ್ದು ಒದ್ದೆ ಕೊಡೆಗಳ ವಾಸನೆ, ಅದರ ಜೊತೆಗೆ ಕಾದ ಯಂತ್ರದ ಮೇಲೆ ಧೂಳು ಸುಡುವ ವಾಸನೆ. ಅಂಗಡಿಯವನು ಎಷ್ಟು ಪ್ರತಿ ಎಂದು ಎರಡು ಸಲ ಕೇಳಿದನಂತೆ. ನನಗೆ ಕೇಳಿಸಲಿಲ್ಲ. ನಾನು ಎರಡು ಸಾವಿರದ ಮೂರರ ಮಳೆಗಾಲದಲ್ಲಿದ್ದೆ.

ಆಗ ಅದೇ ರಸ್ತೆಯಲ್ಲಿ ರಫೀಕನ ಇಂಟರ್ನೆಟ್ ಸೆಂಟರ್ ಇತ್ತು. ರಫೀಕ್ ಹುಬ್ಬಳ್ಳಿಯವನು. ಅವನ ತಂದೆ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರು. ಮಗ ಹಳೆಯ ಬಿಡಿಭಾಗಗಳನ್ನು ಕೂಡಿಸಿ ತಾನೇ ಆರು ಕಂಪ್ಯೂಟರ್ ಮಾಡಿಕೊಂಡು ಧಾರವಾಡಕ್ಕೆ ಬಂದು ಅಂಗಡಿ ಇಟ್ಟಿದ್ದ. ಆರರಲ್ಲಿ ನಾಲ್ಕು ನಡೆಯುತ್ತಿದ್ದವು, ಒಂದು ಮನಸ್ಸು ಬಂದಾಗ ನಡೆಯುತ್ತಿತ್ತು, ಆರನೆಯದು ಸ್ವಂತ ಅವನದು, ಅದನ್ನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ನಾನಾಗ ಎಂ.ಎ. ಎರಡನೇ ವರ್ಷದಲ್ಲಿದ್ದೆ. ನನ್ನ ಕಿರುಪ್ರಬಂಧವನ್ನು ಟೈಪ್ ಮಾಡಲು ಅಲ್ಲಿಗೆ ಹೋಗುತ್ತಿದ್ದೆ. ನಾಲ್ಕು ಪುಸ್ತಕ ಓದಿದ ಸೊಕ್ಕು ಆಗ ನನ್ನ ತಲೆಯಲ್ಲಿ ಸಾಕಷ್ಟಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದು ಅರ್ಥವಾಗಲು ಅದು ಬೇಕು.

ಒಂದು ಮಧ್ಯಾಹ್ನ ರಫೀಕ್ ತನ್ನ ಕಂಪ್ಯೂಟರಿನಲ್ಲಿ ಆಟ ಆಡುತ್ತಿದ್ದ. ಅದರಲ್ಲಿ ಗುಂಡು ಹಾರಿಸುವುದಿಲ್ಲ, ಕಾರು ಓಡಿಸುವುದಿಲ್ಲ. ಪರದೆಯ ತುಂಬ ಜಗತ್ತಿನ ಭೂಪಟ. ಒಂದು ರಾಜ್ಯವನ್ನು ಆರಿಸಿಕೊಂಡು ಅದನ್ನು ನೂರಾರು ವರ್ಷ ನಡೆಸಬೇಕು. ಯುದ್ಧ, ಸಂಧಿ, ವ್ಯಾಪಾರ, ಮದುವೆ ಸಂಬಂಧ ಎಲ್ಲವನ್ನೂ ನೋಡಿಕೊಳ್ಳಬೇಕು. ಮೇಲಿನ ಮೂಲೆಯಲ್ಲಿ ದಿನಾಂಕ ಸರಸರನೆ ಓಡುತ್ತಿರುತ್ತದೆ. ಹದಿನೈದನೇ ಶತಮಾನದ ಆರಂಭದಲ್ಲಿ ಶುರುವಾಗಿ ನಾಲ್ಕು ನೂರು ವರ್ಷಕ್ಕೆ ಆಟ ಮುಗಿಯುತ್ತದೆ. ನಾನು ಹಿಂದಿನಿಂದ ಬಗ್ಗಿ ನೋಡಿ, ಕೇಳದಿದ್ದರೂ ಬಾಯಿ ಹಾಕಿದೆ.

"ವಿಜಯನಗರದ ರಾಜನ ಹೆಸರು ತಪ್ಪೈತಿ."

"ತಪ್ಪಿದ್ರ ತಿದ್ರಿ ಮೇಡಮ್ಮಾರ," ಎಂದ ರಫೀಕ್. ಆಟ ನಿಲ್ಲಿಸಿ, ಒಂದು ಫೈಲ್ ತೆರೆದು, ಕೀಬೋರ್ಡನ್ನು ನನ್ನತ್ತ ಸರಿಸಿದ.

ನಾನು ಗುಟ್ಟಿನ ಲಿಪಿಯನ್ನೇನೋ ನಿರೀಕ್ಷಿಸಿದ್ದೆ. ಅಲ್ಲಿದ್ದದ್ದು ಸಾದಾ ಅಕ್ಷರ. ಅರಸನ ಹೆಸರು, ಪಟ್ಟಕ್ಕೆ ಬಂದ ದಿನ, ಪಟ್ಟ ಬಿಟ್ಟ ದಿನ, ಆಡಳಿತಕ್ಕೆ ಇಷ್ಟು, ಮಾತುಕತೆಗೆ ಇಷ್ಟು, ಯುದ್ಧಕ್ಕೆ ಇಷ್ಟು ಎಂದು ಮೂರು ಅಂಕ. ನಾನು ಒಂದು ಹೆಸರು ತಿದ್ದಿದೆ. ರಫೀಕ್ ಆಟವನ್ನು ಮತ್ತೆ ಶುರು ಮಾಡಿದ. ವಿಜಯನಗರದ ಸಿಂಹಾಸನದ ಮೇಲೆ ನಾನು ಕೂರಿಸಿದ ಅರಸ ಕೂತಿದ್ದ. ಎರಡು ವರ್ಷ ಗ್ರಂಥಾಲಯದಲ್ಲಿ ಕೂತು ಪಡೆಯದ ಸುಖ ಆ ಒಂದು ನಿಮಿಷದಲ್ಲಿ ಸಿಕ್ಕಿತು.

ರಫೀಕನಿಗೆ ಅದಕ್ಕಿಂತ ದೊಡ್ಡ ಚಿಂತೆ ಇತ್ತು.

"ಆಟ ಭಾಳ ತಡಾ ಚಾಲೂ ಆಕ್ಕೈತ್ರಿ. ಹೊಯ್ಸಳರಿಲ್ಲ, ಸೇವುಣರಿಲ್ಲ. ನಮ್ಮ ಕಡಿ ಮಂದಿ ಎಲ್ಲಾ ಆಟ ಚಾಲೂ ಆಗೂದ್ರೊಳಗ ಸತ್ತ ಹೋಗಿರ್ತಾರ."

ಬೇರೆ ಬೇರೆ ದೇಶಗಳ ಆಟಗಾರರು ಇಂಟರ್ನೆಟ್ಟಿನಲ್ಲಿ ಒಂದು ಗುಂಪು ಕಟ್ಟಿಕೊಂಡು ಆಟದ ಕಾಲವನ್ನು ಇನ್ನೂರು ವರ್ಷ ಹಿಂದಕ್ಕೆ ಎಳೆಯುತ್ತಿದ್ದರು. ಅವರವರ ಸೀಮೆಯ ಅರಸರನ್ನು ಅವರವರೇ ಹುಡುಕಿ ಬರೆದು ಕೊಡಬೇಕು. ಫಿನ್‌ಲ್ಯಾಂಡಿನ ಒಬ್ಬಾತ ಎಲ್ಲರದನ್ನೂ ಕೂಡಿಸುತ್ತಿದ್ದ. ದಕ್ಷಿಣ ಭಾರತದ ಭಾಗ ಬೂದು ಬಣ್ಣದಲ್ಲಿ ಖಾಲಿ ಬಿದ್ದಿತ್ತು. ಅದನ್ನು ನೋಡಲಾರದೆ ರಫೀಕ್, ಈ ಭಾಗ ನನಗಿರಲಿ ಎಂದು ಬರೆದುಬಿಟ್ಟಿದ್ದ. ಯಾರನ್ನು ಕೇಳಿ ಬರೆಯುವುದು ಎಂಬ ಯೋಚನೆ ಅವನಿಗೆ ಆಮೇಲೆ ಬಂದಿತ್ತು. ಬಾಯಿ ಹಾಕಿದ ನಾನು ಸಿಕ್ಕಿಬಿದ್ದೆ.

ದೊಡ್ಡ ಮನೆತನಗಳು ಸುಲಭ, ಪುಸ್ತಕದಲ್ಲಿದ್ದವು. ಸಣ್ಣವರದೇ ಪಂಚಾಯ್ತಿ. ಆದರೆ ಸಣ್ಣವರ ವಿಷಯದಲ್ಲಿ ನನಗೊಂದು ಆಸರೆ ಇತ್ತು. ನನ್ನ ಕಿರುಪ್ರಬಂಧವೇ ಮಾವನಗಟ್ಟಿ ಅರಸರ ಮೇಲೆ. ಧಾರವಾಡದ ಪಡುವಣ ದಿಕ್ಕಿಗೆ ಒಂದಿಷ್ಟು ಹಳ್ಳಿಗಳನ್ನು ಆಳಿದ, ಒಮ್ಮೆ ಸೇವುಣರಿಗೆ ಒಮ್ಮೆ ಹೊಯ್ಸಳರಿಗೆ ತಲೆಬಾಗಿ ಬದುಕಿದ ಪುಟ್ಟ ಮನೆತನ ಅದು. ಆ ಅರಸರ ಬಗ್ಗೆ ಲೋಕದಲ್ಲಿ ಗೊತ್ತಿದ್ದುದೆಲ್ಲ ಗೊತ್ತಿದ್ದುದು ಒಬ್ಬರಿಗೇ. ಅವರು ಮಾಳಮಡ್ಡಿಯ ಕಮಡೊಳ್ಳಿ ಸರ್.

ಸರ್ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಇಪ್ಪತ್ತೆಂಟು ವರ್ಷ ರವಿವಾರ ರವಿವಾರ ಬಸ್ಸು ಹಿಡಿದು ಹಳ್ಳಿಗಳಿಗೆ ಹೋಗಿ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ನಿಂತ ಶಾಸನದ ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಶ್ಶಿನಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆದವರು. ತಿಳಿದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಅದು ಗಿಜಿಬಿಜಿಯಾದಾಗ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಚೆಂದವಾಗಿ ನಕಲು ಮಾಡಿದ್ದರು. ಆ ಮೂರನೆಯದು ಆ ವರ್ಷ ಪುಸ್ತಕವಾಗುವುದಿತ್ತು. ಬರೀ ಐವತ್ತು ಪುಟ. ಹುಬ್ಬಳ್ಳಿಯ ಒಂದು ಪ್ರೆಸ್ಸಿಗೆ ಕೊಟ್ಟಿದ್ದರು. ಅವರ ಬದುಕಿನ ಒಂದೇ ಪುಸ್ತಕ ಅದು, ಇನ್ನೊಂದು ಬರೆಯುವ ಆಸೆಯೂ ಅವರಿಗಿರಲಿಲ್ಲ.

ಆ ವಂಶಾವಳಿಯಲ್ಲಿ ಒಂದು ಕಡೆ ತೂತು ಇತ್ತು. ಬೊಮ್ಮರಸನ ಕೊನೆಯ ಶಾಸನಕ್ಕೂ ಸಿಂಗರಸನ ಮೊದಲ ಶಾಸನಕ್ಕೂ ನಡುವೆ ಹನ್ನೊಂದು ವರ್ಷ. ಆ ಹನ್ನೊಂದು ವರ್ಷ ಪಟ್ಟದಲ್ಲಿ ಯಾರಿದ್ದರು ಎಂಬುದು ಯಾವ ಕಲ್ಲಿನಲ್ಲೂ ಇಲ್ಲ. ಸರ್ ಅದನ್ನು ಹುಡುಕದ ಊರಿರಲಿಲ್ಲ.

ಆಟಕ್ಕಾಗಿ ನೋಟ್‌ಬುಕ್ ಬೇಕೆಂದಾಗ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ನನ್ನ ಅರಸರು ಆಟಾ ಆಡಿದ್ರ ನಂದೇನೂ ತಕರಾರಿಲ್ಲ ತಂಗಿ. ಒಂದ ಮಾತು. ಗೊತ್ತಿಲ್ಲದ್ದನ್ನ ತುಂಬಬ್ಯಾಡ್ರಿ. ಆ ಹನ್ನೊಂದು ವರ್ಷ ಖಾಲಿ ಬಿಡ್ರಿ."

"ಹೂನ್ರಿ ಸರ್," ಎಂದೆ. ಅಷ್ಟು ಹಗುರಾಗಿ ನಾನು ಮತ್ತೆ ಯಾರಿಗೂ ಮಾತು ಕೊಟ್ಟಿಲ್ಲ.

ಆ ಜುಲೈ, ಆಗಸ್ಟ್ ಎರಡೂ ತಿಂಗಳು ಮಳೆ ಬಿಡಲಿಲ್ಲ. ಧಾರವಾಡದ ಮಳೆ ಜೋರಾಗಿ ಸುರಿದು ಮುಗಿಸುವಂಥದ್ದಲ್ಲ, ಬೆಳಗಿನಿಂದ ಸಂಜೆಯವರೆಗೆ ಗೊಣಗುವಂಥದ್ದು. ಸೆಂಟರಿಗೆ ಗಿರಾಕಿಗಳು ಕಡಿಮೆ. ಬಾಗಿಲ ಬಳಿ ಕೊಡೆಗಳಿಂದ ನೀರಿಳಿಯುತ್ತಿತ್ತು. ನಾವಿಬ್ಬರೂ ಆರನೇ ಕಂಪ್ಯೂಟರಿನ ಮುಂದೆ ಕೂತು, ನಾನು ಓದಿ ಹೇಳಿ ರಫೀಕ್ ಬರೆದು, ಇನ್ನೂರು ವರ್ಷವನ್ನು ಹಿಂದಕ್ಕೆ ಎಳೆದೆವು.

ಕಾಲವನ್ನು ಹಿಂದಕ್ಕೆ ಎಳೆಯುವುದೆಂದರೆ ಶುರುವಿನ ದಿನಾಂಕ ಬದಲಿಸುವುದು ಎಂದುಕೊಂಡಿದ್ದೆ. ರಫೀಕ್ ಮೊದಲ ದಿನ ಅಷ್ಟೇ ಮಾಡಿ ತೋರಿಸಿದ. ಆಟ ಶುರುವಾದ ಕ್ಷಣವೇ ಸತ್ತಿತು. ಇನ್ನೂರು ವರ್ಷ ಹಿಂದೆ ಹೋದರೆ ಅಲ್ಲಿ ಯಾರೂ ಹುಟ್ಟಿರಲಿಲ್ಲ, ಒಂದು ರಾಜ್ಯಕ್ಕೂ ಅರಸನಿರಲಿಲ್ಲ. ಯಾವ ಊರು ಯಾರದು, ಯಾವ ಕೋಟೆ ಕಟ್ಟಿಯಾಗಿದೆ, ಯಾವುದು ಇನ್ನೂ ಕಾಡು, ಯಾರು ಯಾರ ಅಡಿಯಾಳು, ಎಲ್ಲವನ್ನೂ ನಾವೇ ತುಂಬಬೇಕು. ಇತಿಹಾಸವೆಂದರೆ ನನಗೆ ಅದುವರೆಗೆ ಘಟನೆಗಳು. ಘಟನೆಗಳ ನಡುವೆ ಏನೂ ನಡೆಯದ ಸಾವಿರಾರು ದಿನಗಳು ಇರುತ್ತವೆ, ಆ ದಿನಗಳಲ್ಲೂ ಯಾರೋ ಒಬ್ಬ ಗದ್ದುಗೆಯ ಮೇಲೆ ಕೂತಿರಲೇಬೇಕು ಎಂಬುದನ್ನು ನನಗೆ ಕಲಿಸಿದ್ದು ವಿಶ್ವವಿದ್ಯಾಲಯವಲ್ಲ, ಆ ಆಟ.

ಸರ್ ಒಂದು ದಿನ ನೋಡಲು ಬಂದರು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಮೊಣಕಾಲಿನ ನಡುವೆ ಕೊಡೆ ಇಟ್ಟುಕೊಂಡರು. ಅವತ್ತು ಹೊಯ್ಸಳರು ಹಡಗು ಹತ್ತಿ ಹೋಗಿ ಲಂಕೆ ಗೆದ್ದಿದ್ದರು.

"ಹಿಂಗ ಆಗಿದ್ದಿಲ್ಲ," ಎಂದರು ಸರ್.

"ಆಗಬಹುದಿತ್ತಲ್ರಿ ಸರ್," ಎಂದ ರಫೀಕ್.

"ಆಗಬಹುದಿತ್ತು ಅನ್ನೂದು ನಿಮ್ಮ ಆಟ. ಆಗೇತಿ ಅನ್ನೂದು ನನ್ನ ಕೆಲಸ." ಹಾಗೆಂದರೂ ಒಂದೂವರೆ ತಾಸು ಏಳಲಿಲ್ಲ. ಮಾವನಗಟ್ಟಿ ಎಂಬ ಹೆಸರು ಭೂಪಟದ ಮೇಲೆ ಪುಟ್ಟ ಹಸಿರು ಚುಕ್ಕೆಯಾಗಿ ಕಂಡಾಗ ಪರದೆಗೆ ಬೆರಳು ತಾಗಿಸಿ ನೋಡಿದರು. ರಫೀಕ್ ತನ್ನ ಪರದೆ ಮುಟ್ಟಿದವರನ್ನು ಬೈಯದೆ ಬಿಟ್ಟದ್ದು ಅದೊಂದೇ ಸಲ.

ಆಗಸ್ಟಿನಲ್ಲಿ ನಾವು ಆ ತೂತಿಗೆ ಬಂದೆವು. ಬೊಮ್ಮರಸ ಸತ್ತ ಮರುದಿನ ಆಟ ನಿಂತಿತು. ಮತ್ತೆ ಶುರು ಮಾಡಿದೆವು, ಅದೇ ದಿನಕ್ಕೆ ಬಂದು ಮತ್ತೆ ನಿಂತಿತು. ಹಸಿರು ಚುಕ್ಕೆಗೆ ಅರಸನಿಲ್ಲದ್ದರಿಂದ ಫಿನ್‌ಲ್ಯಾಂಡಿನಿಂದ ಚೀನಾದವರೆಗೆ ಎಲ್ಲರ ಕಾಲವೂ ಅಲ್ಲಿಗೇ ನಿಂತಿತು. ಗೊತ್ತಿಲ್ಲ ಎಂದು ಬರೆಯುವ ಜಾಗ ಆ ಆಟದಲ್ಲಿ ಇರಲಿಲ್ಲ.

"ಬೊಮ್ಮರಸಗ ಇನ್ನ ಹನ್ನೊಂದು ವರ್ಷ ಆಯುಷ್ಯ ಕೊಟ್ಟಬಿಡೂನ್ರಿ," ಎಂದ ರಫೀಕ್.

ನಾನು ಒಪ್ಪಲಿಲ್ಲ. ಬೊಮ್ಮರಸ ಖರೇ ಇದ್ದವನು, ಅವನ ವಿಷಯದಲ್ಲಿ ಸುಳ್ಳು ಬರೆಯಬಾರದು ಎಂದು ವಾದಿಸಿದೆ. ಈಗ ನೆನೆದರೆ ಮೈಯೆಲ್ಲ ಬಿಸಿಯಾಗುತ್ತದೆ. ಇದ್ದವನ ಆಯುಷ್ಯ ಎಳೆಯುವುದಕ್ಕಿಂತ ಇಲ್ಲದವನನ್ನು ಹುಟ್ಟಿಸುವುದು ಪ್ರಾಮಾಣಿಕ ಎಂದು ಇತಿಹಾಸದ ವಿದ್ಯಾರ್ಥಿನಿಯಾದ ನನಗೆ ಅನ್ನಿಸಿತು. ಹಾಗೆ ಕೇತರಸ ಹುಟ್ಟಿದ. ಆಡಳಿತಕ್ಕೆ ಆರು, ಮಾತುಕತೆಗೆ ಮೂರು, ಯುದ್ಧಕ್ಕೆ ನಾಲ್ಕು ಅಂಕ ಕೊಟ್ಟೆ. ಬರೀ ಹೆಸರು ಇದ್ದರೆ ಬಡವಾಗಿ ಕಾಣುತ್ತದೆಂದು ವಿವರದ ಜಾಗದಲ್ಲಿ, ಒಂದು ಹಿರಿಯ ಕೆರೆ ಕಟ್ಟಿಸಿದ ಎಂದು ಸೇರಿಸಿದೆ. ಕೆಳಗೆ ಟಿಪ್ಪಣಿಯ ಸಾಲಿನಲ್ಲಿ 'ಈ ಅರಸ ಕಲ್ಪಿತ' ಎಂದು ಇಂಗ್ಲಿಷಿನಲ್ಲಿ ಬರೆಸಿದೆ. ಆ ಸಾಲು ಬರೆದ ಮೇಲೆ ಮನಸ್ಸಿಗೆ ಸಮಾಧಾನವಾಯಿತು. ಆಟ ಓಡಿತು. ರಫೀಕ್ ಫೈಲುಗಳನ್ನು ಕಳಿಸಿದ. ಫಿನ್‌ಲ್ಯಾಂಡಿನಾತ ಹೊಗಳಿ ಬರೆದ. ನಾವಿಬ್ಬರೂ ಗಿರ್ಮಿಟ್ ತಿಂದು ಮಳೆಯಲ್ಲಿ ಮನೆಗೆ ಹೋದೆವು.

ಸರ್‌ಗೆ ಹೇಳಲಿಲ್ಲ. ಆಟದ ಮಾತು, ಅವರಿಗೇಕೆ ಎಂದುಕೊಂಡೆ.

ಸೆಪ್ಟೆಂಬರ್ ಕೊನೆಯಲ್ಲಿ ಸರ್ ಸೆಂಟರಿಗೆ ಓಡುತ್ತ ಬಂದರು. ಓಡುತ್ತ ಎಂದರೆ ಓಡುತ್ತಲೇ, ಅರವತ್ತಾರರ ವಯಸ್ಸಿನಲ್ಲಿ. ಕೊಡೆ ಮರೆತು ಬಂದಿದ್ದರು. ಅಂಗಿಯ ಒಳಗಿನಿಂದ ಪ್ಲಾಸ್ಟಿಕ್ ಚೀಲ ತೆಗೆದರು, ಚೀಲದೊಳಗಿನಿಂದ ಒಂದು ಪ್ರಿಂಟ್ ಹಾಳೆ. ಅವರ ಗೆಳೆಯರೊಬ್ಬರು ಪುಣೆಯಲ್ಲಿದ್ದರು, ಹೊಸದಾಗಿ ಕಂಪ್ಯೂಟರ್ ಕೊಂಡಿದ್ದರು. ಸುಮ್ಮನೆ ಮಾವನಗಟ್ಟಿ ಎಂದು ಹುಡುಕಿದಾಗ ಇದು ಸಿಕ್ಕಿತೆಂದು ಅಂಚೆಯಲ್ಲಿ ಕಳಿಸಿದ್ದರು. ದಕ್ಷಿಣ ಭಾರತದ ಮಧ್ಯಯುಗದ ಅರಸರ ಪಟ್ಟಿ. ಆಟದ ಹೆಸರು ಎಲ್ಲೂ ಇರಲಿಲ್ಲ. ಬೊಮ್ಮರಸ, ಕೇತರಸ, ಸಿಂಗರಸ. ಕೇತರಸನ ಮುಂದೆ, ಒಂದು ಹಿರಿಯ ಕೆರೆ ಕಟ್ಟಿಸಿದ ಎಂದೂ ಇತ್ತು.

"ಸಿಕ್ಕ," ಎಂದರು ಸರ್.

ರಫೀಕ್ ಹಾಳೆ ನೋಡಿದ, ನನ್ನನ್ನು ನೋಡಿದ. ಫೈಲುಗಳನ್ನು ಕೂಡಿಸಿ ಪಟ್ಟಿಯಾಗಿ ಇಂಟರ್ನೆಟ್ಟಿಗೆ ಹಾಕುವಾಗ ಫಿನ್‌ಲ್ಯಾಂಡಿನಾತನ ಪ್ರೋಗ್ರಾಮು ಟಿಪ್ಪಣಿಯ ಸಾಲುಗಳನ್ನೆಲ್ಲ ಅಳಿಸಿಹಾಕುತ್ತದೆ ಎಂಬುದು ನಮಗೆ ಆಮೇಲೆ ತಿಳಿಯಿತು. ಆಗ ನಮಗೆ ಕಂಡದ್ದು ಇಷ್ಟೇ. ನನ್ನ ಸಮಾಧಾನದ ಸಾಲು ಹೋಗಿತ್ತು, ಅರಸ ಉಳಿದಿದ್ದ.

"ಸರ್, ಇದು ನಾವು ಕಳಿಸಿದ ಪಟ್ಟಿನ..." ಎಂದು ರಫೀಕ್ ಶುರು ಮಾಡಿದ.

"ಅಲ್ಲಪಾ. ನಾನೂ ಮೊದ್ಲ ಹಂಗ ತಿಳದಿದ್ನಿ. ಉಳದ ವರ್ಷ ಎಲ್ಲಾ ನನ್ನ ನೋಟ್‌ಬುಕ್ಕಿಗೆ ಹೊಂದ್ತಾವ. ಆದ್ರ ನೀವು ಆ ಹನ್ನೊಂದು ವರ್ಷ ಖಾಲಿ ಬಿಟ್ಟಿದ್ರೆಲ್ಲ. ಅಂದ ಮ್ಯಾಲೆ ಇದು ಬ್ಯಾರೆ ಯಾರೋ ಮಾಡಿದ್ದು. ನಾ ನೋಡದ ಒಂದು ಕಲ್ಲು ಅಂವಾ ನೋಡ್ಯಾನ." ಆಮೇಲೆ ನನ್ನತ್ತ ತಿರುಗಿದರು. "ಖಾಲಿ ಬಿಟ್ಟೀರಿ ಹೌದಲ್ಲ ವಿಜಯಾ?"

"ಹೂನ್ರಿ ಸರ್," ಎಂದೆ.

ಅವರು ನನ್ನನ್ನು ನಂಬಿದ್ದರು. ಆ ನಂಬಿಕೆಯ ಮೇಲೆಯೇ ಕೇತರಸ ಖರೇ ಆಗಿ ನಿಂತಿದ್ದ. ಆಗಲೇ ಬಾಯಿ ಬಿಡಬೇಕಿತ್ತು. ಆದರೆ ಆ ಮುಖದ ಮೇಲಿದ್ದ ಬೆಳಕನ್ನು ನೋಡಿದವರು ಯಾರಾದರೂ ಬಾಯಿ ಬಿಡುತ್ತಿದ್ದರೇ? ಬಿಡುತ್ತಿದ್ದರು. ನಾನು ಬಿಡಲಿಲ್ಲ, ಅಷ್ಟೇ.

ಮರುದಿನ ಸರ್ ಒಂದು ಹಳ್ಳಿಗೆ ಹೋಗಿಬಂದರು. ಯಾರು ಕಟ್ಟಿಸಿದರೆಂದು ಯಾರಿಗೂ ಗೊತ್ತಿಲ್ಲದ ಹಳೆಯ ಕೆರೆ ಅಲ್ಲಿತ್ತು. ಅದರ ತೂಬಿನ ಕಲ್ಲುಗಳ ಕೆತ್ತನೆ ನೋಡಿ, ಇದು ಕೇತರಸನದೇ ಎಂದು ನಿರ್ಧರಿಸಿ, ಪ್ರೆಸ್ಸಿಗೆ ಹೊಸ ಪುಟ ಬರೆದು ಕೊಟ್ಟರು. ಪುಟದ ಪ್ರೂಫ್ ಗುರುವಾರ ಬರುತ್ತದೆ, ಶುಕ್ರವಾರ ಅಚ್ಚು ಎಂದು ಅವರ ಮನೆಯವರು ಪೇಟೆಯಲ್ಲಿ ಸಿಕ್ಕಾಗ ಖುಷಿಯಿಂದ ಹೇಳಿದರು. "ಎರಡು ದಿನಾ ಆತು, ಊಟದಾಗೂ ಕೇತರಸನ ಸುದ್ದಿ," ಎಂದು ನಕ್ಕರು.

ನಾನು ಬುಧವಾರದವರೆಗೂ ನನಗೆ ನಾನೇ ಸಬೂಬು ಹೇಳಿಕೊಂಡೆ. ಐವತ್ತು ಪುಟದ ಪುಸ್ತಕ, ನೂರು ಜನ ಓದುತ್ತಾರೆ, ಒಬ್ಬ ಅರಸ ಹೆಚ್ಚಿದ್ದರೆ ಯಾರ ಗಂಟು ಹೋಗುತ್ತದೆ. ರಫೀಕ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಗುರುವಾರ ಬೆಳಿಗ್ಗೆ ನಾನು ಟೈಪ್ ಮಾಡಲು ಕೂತಾಗ ಬಂದು ನನ್ನ ಕಂಪ್ಯೂಟರಿನ ಸ್ವಿಚ್ ಆರಿಸಿದ.

"ಆಟ ಕೆಟ್ರ ಮತ್ತ ಚಾಲೂ ಮಾಡಬಹುದ್ರಿ. ಅವರ ಪುಸ್ತಕ ಒಮ್ಮೆ ಅಚ್ಚಾತಂದ್ರ ಆತು. ನೀವ ಹೇಳ್ತೀರೋ, ನಾ ಹೇಳ್ಲೋ?"

ನಾನು ಹುಬ್ಬಳ್ಳಿಯ ಬಸ್ಸು ಹತ್ತಿದೆ. ನವಲೂರು ದಾಟುವಾಗ ಇಳಿದು ವಾಪಸು ಹೋಗಿಬಿಡಲೇ ಎನ್ನಿಸಿತು. ಉಣಕಲ್ ಕೆರೆ ಕಂಡಾಗಲೂ ಅನ್ನಿಸಿತು.

ಪ್ರೆಸ್ಸು ಹಳೇ ಪೇಟೆಯ ಒಂದು ಓಣಿಯಲ್ಲಿತ್ತು. ಸರ್ ಕಿಟಕಿಯ ಬಳಿ ಪ್ರೂಫ್ ಹಿಡಿದು ಕೂತಿದ್ದರು. ನನ್ನನ್ನು ನೋಡಿ ಪಕ್ಕದ ಸ್ಟೂಲು ತೋರಿಸಿದರು. ನಾನು ಕೂಡಲಿಲ್ಲ.

"ಸರ್, ಕೇತರಸ ಇಲ್ರಿ."

"ಎಲ್ಲಿ ಇಲ್ಲ? ಇಲ್ಲೇ ಅದಾನಲ್ಲ, ಮೂರನೇ ಸಾಲಿನ್ಯಾಗ," ಎಂದು ಪ್ರೂಫಿನ ಮೇಲೆ ಬೆರಳಿಟ್ಟರು.

"ಎಲ್ಲೂ ಇಲ್ರಿ. ಅಂವನ್ನ ನಾ ಮಾಡಿದ್ದು. ಆಟ ನಿಂತಿತ್ರಿ, ಅದಕ್ಕ."

ಯಂತ್ರದ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂದುಕೊಂಡೆ. ಕೇಳಿಸಿತ್ತು.

"ಕೆರಿ?" ಎಂದರು.

"ಅದೂ ನಾನ ಬರದದ್ರಿ."

ಸರ್ ಪೆನ್ನು ತೆಗೆದು ಆ ಪುಟಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಎಳೆದರು. ಒಂದೇ ನೇರ ಗೆರೆ. ನಾನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ನಿನ್ನ ಮ್ಯಾಲೆ ಸಿಟ್ಟ ಐತಿ, ಅದು ಇರ್ಲಿ," ಎಂದರು. "ಆ ಕೆರಿ ನಾ ಹತ್ತ ಸಲ ನೋಡೇನಿ. ಹತ್ತ ಸಲಾನೂ ಅಲ್ಲಿ ಯಾರೂ ಕಾಣಲಿಲ್ಲ. ಒಂದು ಹಾಳಿ ಓದಿ ಹೋದ್ನಿ, ಕೇತರಸ ಕಂಡ. ಕಲ್ಲಿನ ಕೆತ್ತನ್ಯಾಗ ಕಂಡ. ಹಂಗಾದ್ರ ಉಳದ ಪುಟದಾಗ ನಂಗ ಯಾರ್ಯಾರು ಕಂಡಾರೋ."

ಪ್ರೂಫುಗಳನ್ನೆಲ್ಲ ಕೂಡಿಸಿ ಚೀಲಕ್ಕೆ ಹಾಕಿಕೊಂಡರು. ಪ್ರೆಸ್ಸಿನವರು ಗಾಬರಿಯಾದರು. "ಮುಂದ ಕ್ಯಾಲೆಂಡರ್ ಕೆಲಸ ಅದಾವ್ರಿ ಸರ್, ಈಗ ಬಿಟ್ರ ಈ ವರ್ಷ ಆಗೂದಿಲ್ಲ." "ಆಗಲಿಲ್ಲಂದ್ರ ಬಿಡ್ರಿ," ಎಂದು ಸರ್ ಮೆಟ್ಟಿಲು ಇಳಿದರು. ಧಾರವಾಡದಲ್ಲಿ ಇಳಿದ ಮೇಲೆ, ನಾಳೆ ಎಂಟಕ್ಕೆ ಬಸ್‌ಸ್ಟ್ಯಾಂಡಿಗೆ ಬಾ, ಕಲ್ಲು ತೊಳೆಯುವ ನೀರಿನ ಡಬ್ಬಿ ಹೊರಲು ಯಾರಾದರೂ ಬೇಕು ಎಂದರು. ಅದು ಶಿಕ್ಷೆಯೋ ಕ್ಷಮೆಯೋ ನನಗೆ ಇಂದಿಗೂ ಗೊತ್ತಾಗಿಲ್ಲ.

ರಫೀಕ್ ಫಿನ್‌ಲ್ಯಾಂಡಿಗೆ ಪತ್ರ ಬರೆದ. ಆತ ಒಳ್ಳೆಯವನು, ತಕ್ಷಣ ಕ್ಷಮೆ ಕೇಳಿ ಅಳಿಸಿದ. ಆಟ ನಿಲ್ಲಬಾರದೆಂದು ರಫೀಕ್ ಆ ಹನ್ನೊಂದು ವರ್ಷಕ್ಕೆ 'ತಿಳಿಯದು' ಎಂಬ ಹೆಸರಿನ ಅರಸನನ್ನು ಕೂರಿಸಿ, ಮೂರೂ ಅಂಕ ಮಧ್ಯಮ ಇಟ್ಟ. ಇಷ್ಟು ಸರಳ ಉಪಾಯ ಆಗಸ್ಟಿನಲ್ಲಿ ನನ್ನ ತಲೆಗೇಕೆ ಬರಲಿಲ್ಲ? ಬಂದಿದ್ದರೂ ನಾನು ಕೇಳುತ್ತಿರಲಿಲ್ಲವೇನೋ. ನನಗೆ ಅರಸನನ್ನು ಮಾಡುವ ಆಸೆ ಹುಟ್ಟಿತ್ತು. ಆದರೆ ಅಷ್ಟರಲ್ಲಿ ಬೇರೆಯವರು ನಕಲು ಮಾಡಿಕೊಂಡದ್ದನ್ನು ಯಾರು ಅಳಿಸುತ್ತಾರೆ? ಹೋದ ವರ್ಷ ಫೋನಿನಲ್ಲಿ ಹುಡುಕಿದೆ. ಕೇತರಸ ಇದ್ದಾನೆ. ಈಗ ಅವನಿಗೊಬ್ಬ ರಾಣಿಯೂ ಇದ್ದಾಳೆ.

ಅಕ್ಟೋಬರ್ ಪೂರ್ತಿ ನಾನು ಸರ್ ಜೊತೆ ತಿರುಗಿದೆ. ಮಳೆ ಹಿಂದೆ ಸರಿದಿತ್ತು. ಎರೆ ಹೊಲಗಳಲ್ಲಿ ಕಾಲಿಟ್ಟರೆ ಚಪ್ಪಲಿಗೆ ಸೇರಿನಷ್ಟು ಮಣ್ಣು ಅಂಟುತ್ತಿತ್ತು. ಹದಿನಾಲ್ಕು ಕಲ್ಲುಗಳನ್ನು ಮತ್ತೆ ತೊಳೆದು, ಸರ್ ತಮ್ಮ ಹಳೆಯ ಓದನ್ನು ಪಕ್ಕಕ್ಕಿಟ್ಟು, ನನ್ನಿಂದ ಅಕ್ಷರ ಅಕ್ಷರ ಓದಿಸಿದರು. ನಾನು ಊಹೆ ಮಾಡಿದರೆ, "ಕಂಡದ್ದ ಹೇಳು," ಎನ್ನುತ್ತಿದ್ದರು. ಹದಿಮೂರು ಕಲ್ಲುಗಳು ಅವರು ಬರೆದದ್ದನ್ನೇ ಹೇಳಿದವು. ಒಂದೊಂದು ಕಲ್ಲು ದಾಟಿದಂತೆ ಅವರ ಮಾತು ಹಳೆಯ ಸಡಿಲಕ್ಕೆ ಬರುತ್ತಿತ್ತು, ನನ್ನ ಎದೆಯೂ ಸ್ವಲ್ಪ ಸ್ವಲ್ಪ ಹಗುರಾಗುತ್ತಿತ್ತು.

ಹದಿನಾಲ್ಕನೆಯದು ಮಾಚರಸನ ಕಲ್ಲು. ಪುಸ್ತಕದಲ್ಲಿ ಅವನಿಗೆ ಎರಡು ಪುಟವಿತ್ತು, ಸಿಂಗರಸನ ಮಗ, ಒಳ್ಳೆಯ ಅರಸ. ಜೋಳದ ಹೊಲದ ಬದುವಿನಲ್ಲಿ ಕಲ್ಲು ಅರ್ಧ ಹೂತು ನಿಂತಿತ್ತು. ನಾನು ನೀರು ಸುರಿದು, ತಿಕ್ಕಿ, ಓದಿದೆ. ಸಿಂಗರಸನ ಮಗ ದನಗಳನ್ನು ಬಿಡಿಸಿಕೊಂಡು ಬರಲು ಹೋಗಿ ಕಾದಿದ ಎಂದಿತ್ತು. ಮಗನ ಹೆಸರಿನ ಜಾಗ ಒಡೆದಿರಲಿಲ್ಲ, ಸವೆದಿರಲಿಲ್ಲ. ಹೆಸರನ್ನು ಕೆತ್ತಿಯೇ ಇರಲಿಲ್ಲ.

"ಮತ್ತೊಮ್ಮೆ ಓದು," ಎಂದರು ಸರ್. ಓದಿದೆ. ತಾವೇ ಬಗ್ಗಿ, ಅಕ್ಷರದ ಮೇಲೆ ಬೆರಳಾಡಿಸಿ ಓದಿದರು. ಆಮೇಲೆ ಬದುವಿನ ಮೇಲೆ ಕೂತು ಚೀಲದಿಂದ ಮೂರೂ ನೋಟ್‌ಬುಕ್ ತೆಗೆದರು. ಮೂರನೆಯದರಲ್ಲಿ ಚೆಂದದ ಅಕ್ಷರದಲ್ಲಿ 'ಮಾಚರಸ' ಎಂದಿತ್ತು. ಎರಡನೆಯದರಲ್ಲಿ 'ಬಹುಶಃ ಮಾಚರಸ'. ಮೊದಲನೆಯದನ್ನು ಬಹಳ ಹೊತ್ತು ತಿರುವಿ ತೆರೆದರು. ಅಲ್ಲಿ, 'ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ. ಈ ಮಗನ ಮೊಮ್ಮಗ ಮಾಚರಸ. ಬಹುಶಃ ಅಜ್ಜನೂ ಮಾಚರಸನೇ?' ಎಂದಿತ್ತು. ಶಾಯಿ ಮಾಸಿತ್ತು. ಪ್ರಶ್ನಾರ್ಥಕ ಚಿಹ್ನೆ ದೊಡ್ಡದಾಗಿತ್ತು, ಹುರುಪಿನ ಕೈಯದು.

ಸರ್ ಮೂರನ್ನೂ ಮೊಣಕಾಲಿನ ಮೇಲೆ ಸಾಲಾಗಿ ಇಟ್ಟುಕೊಂಡರು.

"ಇಂವಾ ನನ್ನಂವ," ಎಂದರು. "ಮೊದ್ಲ ಪ್ರಶ್ನಾ ಚಿಹ್ನೆ ಬಿದ್ದಹೋತು. ಆಮ್ಯಾಲೆ 'ಬಹುಶಃ' ಬಿದ್ದಹೋತು. ಯಾವಾಗ ಬಿತ್ತು ಅನ್ನೂದು ನಂಗ ನೆನಪಿಲ್ಲ ನೋಡು. ಸಾಲ್ಯಾಗ ಹುಡುಗರಿಗೆ ಇಂವನ ಕಥಿ ಹೇಳೇನಿ. ನಿಮ್ಮೂರ ಅರಸ ಹಿಂಗಿದ್ದ ಅಂತ."

ನನಗೆ ಹಗುರಾಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಆಯಿತು. ತಪ್ಪು ಮಾಡಿದವಳು ನಾನೊಬ್ಬಳೇ ಅಲ್ಲ ಎಂಬ ಕೆಟ್ಟ ಖುಷಿ ಒಂದು ಗಳಿಗೆ ಬಂದು ಹೋಯಿತು. ಆಮೇಲೆ ಅವರ ಮುಖ ನೋಡಿದೆ. ಕೇತರಸನನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿದ ಆ ಮನುಷ್ಯ ಪೆನ್ಸಿಲ್ ಹಿಡಿದು ಸುಮ್ಮನೆ ಕೂತಿದ್ದರು. ಪೆನ್ಸಿಲ್ ಕಾಗದದವರೆಗೆ ಹೋಗುತ್ತಿತ್ತು, ನಿಲ್ಲುತ್ತಿತ್ತು.

"ಸರ್, ಬಹುಶಃ ಅಂತ ಮತ್ತ ಸೇರಿಸಿದ್ರ ಸಾಕಲ್ರಿ," ಎಂದೆ.

"ಒಮ್ಮೆ ಬಿದ್ದದ್ದು ಇನ್ನೊಮ್ಮೆ ಬೀಳತೈತಿ." ಪೆನ್ಸಿಲನ್ನು ನನ್ನತ್ತ ಚಾಚಿದರು. "ನಿನ್ನಂವ ಎರಡು ತಿಂಗಳದಂವ. ಇಂವಾ ಇಪ್ಪತ್ತೆಂಟು ವರ್ಷದಂವ. ನನ್ನ ಕೈಲೆ ಆಗೂದಿಲ್ಲ. ನೀ ಹೊಡಿ."

ನಾನು ಪ್ರೂಫ್ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಸರ್ ಕಾಗದ ನೋಡಲಿಲ್ಲ, ಕಲ್ಲಿನ ಕಡೆ ಮುಖ ಮಾಡಿ ಕೂತರು. ನಾನು ಮಾಚರಸನ ಹೆಸರಿನಿಂದ ಶುರು ಮಾಡಿ ಪುಟದ ಕೊನೆಯವರೆಗೆ ಗೆರೆ ಎಳೆದೆ. ಗೆರೆ ಸೊಟ್ಟಾಯಿತು. ಮುಗಿಯಿತೆಂದು ಪೆನ್ಸಿಲ್ ಕೆಳಗಿಟ್ಟಾಗ ಸರ್ ತಿರುಗದೆಯೇ ಹೇಳಿದರು.

"ಇನ್ನೊಂದು ಪುಟಾ ಐತಿ."